ಓಟಗಾತಿಯ ಮನೆಯ ಒಲೆ

ಅಮ್ಮನ ಬಲಗಣ್ಣಿನ ಪೊರೆ ತೆಗೆದ ಡಾಕ್ಟರು, ಇನ್ನು ಎರಡು ತಿಂಗಳು ಹೊಗೆಯ ಹತ್ತಿರ ಸುಳಿಯಬಾರದು ಎಂದದ್ದೇ ತಡ, ನಮ್ಮ ಮನೆಯಲ್ಲಿ ಇಂಜೆರಾ ಹುಯ್ಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ನಮ್ಮ ದೆಬ್ರೆ ಬಿರ್ಹಾನಿನ ಜನ ಚಳಿಗೆ ಹೆದರಿ ಸ್ನಾನವನ್ನಾದರೂ ಬಿಟ್ಟಾರು, ಮೂರು ದಿನಕ್ಕೊಮ್ಮೆ ಒಲೆ ಹೊತ್ತಿಸಿ ಇಪ್ಪತ್ತು ಇಂಜೆರಾ ಎಬ್ಬಿಸುವುದನ್ನು ಮಾತ್ರ ಬಿಡಲಾರರು. ಹುಳಿ ಹಿಟ್ಟಿನ ಆ ಅಗಲವಾದ ದೋಸೆಯಿಲ್ಲದೆ ನಮಗೆ ಊಟವೇ ಇಲ್ಲ. ಸಾರು ಬಡಿಸಿಕೊಳ್ಳುವ ತಟ್ಟೆಯೂ ಅದೇ, ಸಾರು ಎತ್ತಿಕೊಳ್ಳುವ ಚಮಚವೂ ಅದೇ.

ಮನೆಯಲ್ಲಿ ಹೆಂಗಸರು ಮೂವರು. ಅಮ್ಮ ಜೆನೆಬೆಚ್, ಮೂವತ್ತೆಂಟು ವರ್ಷ ಆ ಒಲೆಯ ಮುಂದೆ ಕೂತು ಕಣ್ಣು ಹಾಳು ಮಾಡಿಕೊಂಡವಳು. ಎರಡನೆಯವಳು ನಾನು, ಅಲ್ಗನೆಶ್, ಪ್ರೈಮರಿ ಶಾಲೆಯ ಟೀಚರ್. ಇಂಜೆರಾ ಎಂದರೆ ಮೇಲೆಲ್ಲ ಸಣ್ಣ ಸಣ್ಣ ಕಣ್ಣು ಬಿದ್ದು ಮೆತ್ತಗಿರಬೇಕು. ನಾನು ಹುಯ್ದರೆ ಒಂದು ಕಣ್ಣೂ ಬೀಳದೆ ಚಪ್ಪಲಿಯ ಅಟ್ಟೆಯಾಗುತ್ತದೆ. ಹತ್ತು ವರ್ಷದ ಹಿಂದೆಯೇ ಅಮ್ಮ ನನ್ನನ್ನು ಅಡಿಗೆಮನೆಯಿಂದ ಆಚೆ ಅಟ್ಟಿದ್ದಾಳೆ, ನಾನೂ ಆ ಅವಮಾನವನ್ನು ಸಂತೋಷವಾಗಿಯೇ ಸಹಿಸಿಕೊಂಡಿದ್ದೇನೆ.

ಮೂರನೆಯವಳು ಅತ್ತಿಗೆ ಯೆಶಿಮೆಬೆತ್. ನಮ್ಮೆಲ್ಲರ ಬಾಯಲ್ಲಿ ಯೆಶಿ. ಅವಳು ಓಟಗಾತಿ. ಮದುವೆಗೆ ಮುಂಚೆ ಆದಿಸ್ ಅಬಾಬಾದ ಒಂದು ಕ್ಲಬ್ಬಿನಲ್ಲಿದ್ದು, ಹತ್ತು ಸಾವಿರ ಮೀಟರ್ ಓಟದಲ್ಲಿ ಒಳ್ಳೆಯ ಹೆಸರು ಮಾಡಿದ್ದಳು. ಬಸುರಿಯಾದಾಗ ಕ್ಲಬ್ಬಿನವರು ಅವಳ ಜಾಗವನ್ನು ಇನ್ನೊಬ್ಬಳಿಗೆ ಕೊಟ್ಟರು. ಮಗಳು ಫಿಕಿರ್ತೆಗೆ ಈಗ ಹದಿನಾಲ್ಕು ತಿಂಗಳು. ಅತ್ತಿಗೆಗೆ ಆ ಜಾಗ ಮತ್ತೆ ಬೇಕಾಗಿತ್ತು. ದಿನಾ ಮುಂಜಾನೆ ನೀಲಗಿರಿ ತೋಪಿನಲ್ಲಿ ಓಡುತ್ತಿದ್ದಳು, ಭಾನುವಾರ ಡಾಂಬರು ರಸ್ತೆಯಲ್ಲಿ ಮೂವತ್ತು ಕಿಲೋಮೀಟರು. ಅವಳ ಮುಂದೆ ಅವಳ ಗಂಡ, ಅಂದರೆ ನನ್ನಣ್ಣ ಅಸ್ನಾಕೆ, ತನ್ನ ಆಟೋ ಓಡಿಸುತ್ತಾ, ಕಿಟಕಿಯಿಂದ ತಲೆ ಹೊರಗೆ ಹಾಕಿ ವೇಗ ಕೂಗಿ ಹೇಳುತ್ತಿದ್ದ.

ಅಮ್ಮನ ಆಪರೇಷನ್ನಿನ ಮೂರನೇ ದಿನ ಬುಟ್ಟಿ ಖಾಲಿಯಾಯಿತು. ಅಂಗಡಿಯ ಇಂಜೆರಾ ತರೋಣವೆಂದೆ. ಅಮ್ಮ ಬ್ಯಾಂಡೇಜಿನ ಕಣ್ಣನ್ನು ನನ್ನ ಕಡೆ ತಿರುಗಿಸಿದಳು.

"ಅಕ್ಕಿ ಹಿಟ್ಟು ಬೆರೆಸಿರ್ತಾರೆ ಕಣೆ ಅದಕ್ಕೆ. ನಾನು ಸತ್ತ ಮೇಲೆ ತಂದ್ಕೊಂಡು ತಿನ್ನಿ."

ಯೆಶಿ ಎದ್ದು ಹೋಗಿ ಒಲೆ ಹೊತ್ತಿಸಿದಳು. ಅಂಗಳದ ಮೂಲೆಯಲ್ಲಿರುವ ನಮ್ಮ ತಗಡಿನ ಅಡಿಗೆಮನೆಗೆ ಕಿಟಕಿಯಿಲ್ಲ, ಉರುವಲು ಬೆರಣಿ. ಎರಡು ಗಂಟೆ ಅದರೊಳಗೆ ಕೂತು ಇಪ್ಪತ್ತೆರಡು ಇಂಜೆರಾ ಎಬ್ಬಿಸಿ ಬಂದಳು. ಮಾರನೆಯ ಬೆಳಿಗ್ಗೆ ತೋಪಿನಲ್ಲಿ ನಾಲ್ಕನೇ ಸುತ್ತಿಗೆ ಕೆಮ್ಮು ಹತ್ತಿ ಮರ ಹಿಡಿದು ನಿಂತುಬಿಟ್ಟಳಂತೆ.

ಅದರ ಮರುದಿನ ಕೋಚ್ ಶುಮೆ ಮನೆಗೇ ಬಂದರು. ನಮ್ಮೂರಿನ ಅರ್ಧ ಹುಡುಗಿಯರನ್ನು ಓಡಿಸಿದವರು ಅವರು, ಬಡಕಲು ಮನುಷ್ಯ, ದೊಡ್ಡ ದನಿ. ಅಮ್ಮ ಕಾಫಿ ಬೀಜ ಹುರಿಯಲು ನನಗೆ ಹೇಳಿದಳು. ಮೊದಲ ಸುತ್ತಿನ ಕಾಫಿ ಕುಡಿಯುವವರೆಗೆ ಬಾರ್ಲಿ ಬೆಳೆಯ ವಿಷಯ ಮಾತಾಡಿದರು. ಎರಡನೆಯ ಸುತ್ತಿಗೆ ಕೋಚ್ ಗಂಟಲು ಸರಿಮಾಡಿಕೊಂಡರು.

"ತಾಯೀ, ತಿಕಿಮ್ತ್ ತಿಂಗಳು ಇಪ್ಪತ್ತೆರಡು, ಭಾನುವಾರ ಕ್ಲಬ್ಬಿನೋರು ಇಲ್ಲಿಗೇ ಬರ್ತಾರೆ. ಎಂಟು ಕಿಲೋಮೀಟರ್ ಓಟ. ಮೊದಲು ಬಂದ ಆರು ಜನರನ್ನ ಆರು ತಿಂಗಳು ಆದಿಸ್‌ನಲ್ಲಿಟ್ಟು ತಯಾರು ಮಾಡ್ತಾರೆ, ಸಂಬಳ ಕೊಟ್ಟು. ಇವಳು ಬರ್ತಾಳೆ ಆರರೊಳಗೆ. ಆದ್ರೆ ಹೊಗೆ ಕುಡಿದ್ರೆ ಬರಲ್ಲ."

"ಹಾಗಾದ್ರೆ ಇನ್ನು ಯಾರು ಕುಡೀಬೇಕು ಸಾರ್, ಹೊಗೆ?" ಎಂದಳು ಅಮ್ಮ.

"ಅದು ನಿಮ್ಮನೆ ವಿಷಯ. ಇನ್ನೊಂದು ಮಾತು. ಹೋದ ವರ್ಷ ಒಬ್ಬಳನ್ನ ಆರಿಸಿದ್ರು, ಎರಡೇ ವಾರಕ್ಕೆ ಮನೆಯೋರು ವಾಪಸ್ ಕರೆಸ್ಕೊಂಡ್ರು, ಮಗು ಅಳುತ್ತೆ ಅಂತ. ಅದಕ್ಕೆ ಈ ಸಲ ಚಿಕ್ಕ ಮಗು ಇರೋರ ಮನೆ ಹಿರಿಯರನ್ನ ಕೇಳಿ ಬರ್ಕೊಳ್ಳಿ ಅಂದಿದ್ದಾರೆ. ನೀವು ಒಪ್ಪಬೇಕು."

ಯೆಶಿ ಮಗುವಿನ ತಲೆಗೂದಲು ಸವರುತ್ತಾ ಅಮ್ಮನ ಬಾಯನ್ನೇ ನೋಡುತ್ತಿದ್ದಳು. ಅಮ್ಮ ಮೂರನೆಯ ಸುತ್ತಿನ ಕಾಫಿ ಬಗ್ಗಿಸಲು ಸನ್ನೆ ಮಾಡಿದಳು.

"ಮೊದಲು ಆರರೊಳಗೆ ಬರ್ಲಿ. ಆಮೇಲೆ ಕೇಳಿ ನನ್ನನ್ನ."

ಕೋಚ್ ಹೋದ ಮೇಲೆ ಜಗಳ ಶುರುವಾಯಿತು. ಅಮ್ಮನ ವಾದ ಸರಳ. ಸೊಸೆ ಎಂದ ಮೇಲೆ ಒಲೆ ಅವಳದು.

"ನನಗೂ ಹೊಗೆ ಹತ್ತುತ್ತಿತ್ತು. ಕೆಮ್ತಿದ್ದೆ, ಸುಡ್ತಿದ್ದೆ. ಸತ್ತೆನಾ?"

"ಸಾಯ್ಲಿಲ್ಲ ಅತ್ತೆ, ಕಣ್ಣು ಕಳ್ಕೊಂಡ್ರಿ" ಎಂದಳು ಯೆಶಿ. ಅವಳ ನಾಲಿಗೆಯೂ ಕಾಲಿನಷ್ಟೇ ಚುರುಕು.

"ನೋಡೋ ಅಸ್ನಾಕೆ, ನಿನ್ನ ಹೆಂಡ್ತಿ ನಂಗೆ ಹೇಗೆ ಮಾತಾಡ್ತಾಳೆ!"

ಅಣ್ಣ ಬಾಗಿಲ ಹತ್ತಿರ ನಿಂತು ಆಟೋದ ಕೀಲಿ ತಿರುಗಿಸುತ್ತಿದ್ದ. ನಮ್ಮಣ್ಣ ಜಗಳದ ಹೊತ್ತಿನಲ್ಲಿ ಯಾವಾಗಲೂ ಬಾಗಿಲ ಹತ್ತಿರವೇ ಇರುತ್ತಾನೆ. ಆದರೆ ಅವತ್ತು ಹೊರಗೆ ಹೋಗಲಿಲ್ಲ.

"ನಾನೇ ಹುಯ್ತೀನಿ ಬಿಡಿ" ಎಂದ.

ನಾವು ಮೂವರೂ ನಕ್ಕೆವು. ಗಂಡಸು ಕೋಳಿ ಕೊಯ್ದಾನು, ಕುರಿ ಸುಲಿದಾನು, ಹೊಲ ಉತ್ತಾನು. ಇಂಜೆರಾ ಹುಯ್ಯುವ ಗಂಡಸನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಅವನು ಮಾತ್ರ ನಗಲಿಲ್ಲ. ಅಂಗಿಯ ತೋಳು ಮಡಿಚಿ, "ಹಿಟ್ಟಿನ ಪಾತ್ರೆ ಎಲ್ಲಿದೆ?" ಎಂದು ಕೇಳಿದ.

"ಊರಿಗೆ ಗೊತ್ತಾದ್ರೆ ನಿನ್ನ ಆಟೋ ಯಾರೂ ಹತ್ತಲ್ಲ ಕಣೋ" ಎಂದಳು ಅಮ್ಮ.

"ಬಾಗಿಲು ಹಾಕ್ಕೊಂಡು ಹುಯ್ತೀನಿ."

ಹಾಗೆ ಮರುದಿನದಿಂದ ಅಣ್ಣನ ವಿದ್ಯಾಭ್ಯಾಸ ಆರಂಭವಾಯಿತು. ಅಡಿಗೆಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ. ಹತ್ತು ಹೆಜ್ಜೆ ದೂರದಲ್ಲಿ, ಗಾಳಿಗೆ ಬೆನ್ನು ಹಾಕಿ, ಕಂಬಳಿ ಹೊದ್ದು ಸ್ಟೂಲಿನ ಮೇಲೆ ಅಮ್ಮ. ಅವಳು ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು. ಹಿಟ್ಟು ಹೆಂಚಿಗೆ ಬಿದ್ದ ಸದ್ದಿನಲ್ಲೇ ಕಾವು ಎಷ್ಟಿದೆಯೆಂದು ಅವಳಿಗೆ ತಿಳಿಯುತ್ತಿತ್ತು.

"ಹೊರಗಡೆಯಿಂದ ಒಳಕ್ಕೆ ಸುತ್ತಿಸಿ ಹುಯ್ಯೋ! ಮಧ್ಯದಲ್ಲಿ ಸುರೀಬೇಡ!"

"ಸುತ್ತಿಸ್ತಾ ಇದೀನಮ್ಮಾ!"

"ಸುಳ್ಳು. ಸದ್ದು ಒಂದೇ ಕಡೆ ಬಂತು. ಈಗ ಮುಚ್ಚಳ ಹಾಕು. ಹಾಕಿದ್ಯಾ? ತೆಗಿ, ತೆಗಿ, ಸೀದು ಹೋಯ್ತು!"

ಮೊದಲ ದಿನದ ಹದಿನೆಂಟರಲ್ಲಿ ಹದಿಮೂರು ಕತ್ತೆಗಳ ಪಾಲಾದವು. ಉಳಿದ ಐದನ್ನು ನಾವು ಶಿರೋ ಹಾಕಿಕೊಂಡು ತಿಂದೆವು. ಕಡಲೆ ಹಿಟ್ಟಿನ ಆ ಸಾರು ಖಾರವಾಗಿದ್ದುದರಿಂದ ಬಚಾವಾದೆವು. ಅಣ್ಣನ ಹುಬ್ಬಿನ ಅರ್ಧ ಸುಟ್ಟಿತ್ತು. ಯೆಶಿ ಒಂದು ತುಂಡು ಮುರಿದು, ಅದಕ್ಕೆ ಸಾರು ಸುತ್ತಿ, ಗಂಡನ ಬಾಯಿಗೆ ತುತ್ತು ಇಟ್ಟಳು.

"ಹೇಗಿದೆ?" ಎಂದ ಅವನು.

"ನಿಮ್ಮ ತಂಗಿ ಹುಯ್ದದ್ದಕ್ಕಿಂತ ವಾಸಿ" ಎಂದಳು. ನಮ್ಮ ಮನೆಯಲ್ಲಿ ನನ್ನನ್ನು ಅಳತೆಗೋಲಾಗಿ ಬಳಸುವುದು ಅಂದಿನಿಂದ ರೂಢಿಯಾಯಿತು.

ಎರಡನೇ ವಾರಕ್ಕೆ ಹರಿಯುವುದು ನಿಂತಿತು. ಮೂರನೇ ವಾರಕ್ಕೆ ಕಣ್ಣು ಬೀಳತೊಡಗಿದವು. ನಾಲ್ಕನೇ ವಾರದಲ್ಲಿ ಒಂದು ದಿನ ಅವನು ಬಾಗಿಲು ತೆರೆದು ಒಂದು ಇಂಜೆರಾವನ್ನು ಹುಲ್ಲಿನ ಚಾಪೆಯ ಮೇಲಿಟ್ಟುಕೊಂಡು ಬಂದು ಅಮ್ಮನ ಮುಂದೆ ಹಿಡಿದ. ಅಮ್ಮ ಬೆರಳಿನಿಂದ ಮುಟ್ಟಿ ನೋಡಿದಳು, ಮೂಸಿದಳು, ಅಂಚು ಮುರಿದು ತಿಂದಳು.

"ಹೂಂ" ಎಂದಳು. ಅಮ್ಮನ ಬಾಯಿಂದ ಅಂಥ ಹೂಂ ನನಗೆ ಬಿ.ಎಡ್. ಪಾಸಾದಾಗಲೂ ಸಿಕ್ಕಿರಲಿಲ್ಲ.

ಅತ್ತ ಯೆಶಿಯ ಓಟವೂ ಕುದುರಿತು. ಬೆಳಿಗ್ಗೆ ಹುರಿದ ಬಾರ್ಲಿ ಹಿಟ್ಟನ್ನು ನೀರಿಗೆ ಕಲಸಿ ಕುಡಿದು ಹೊರಟರೆ, ಬರುವಾಗ ಕೆನ್ನೆ ಕೆಂಪಾಗಿ, ಹಸಿವು ಹಸಿವು ಎನ್ನುತ್ತಾ ಬರುತ್ತಿದ್ದಳು. ಕೋಚ್ ದಿನಾ ಮೊಟ್ಟೆ ತಿನ್ನಿ ಎಂದಿದ್ದರು. ಬುಧವಾರ ಶುಕ್ರವಾರ ಮಾತ್ರ ಅವಳು ಮುಟ್ಟುತ್ತಿರಲಿಲ್ಲ, ಉಪವಾಸದ ದಿನ. ಅದೊಂದು ವಿಷಯದಲ್ಲಿ ಅಮ್ಮ ಸೊಸೆಯನ್ನು ಹೊಗಳುತ್ತಿದ್ದಳು, ಅದೂ ಅವಳಿಲ್ಲದಾಗ.

ನಮ್ಮ ಗುಟ್ಟು ಮಾತ್ರ ಬಹಳ ದಿನ ಬೇಲಿಯೊಳಗೆ ನಿಲ್ಲಲಿಲ್ಲ. ಪಕ್ಕದ ಮನೆಯ ಅಸ್ಕಾಲೆಚ್, ಅಮ್ಮನ ವಯಸ್ಸಿನವಳು. ಈಸ್ಟರ್‌ನಿಂದ ಅಮ್ಮ ಅವಳ ಜೊತೆ ಮಾತು ಬಿಟ್ಟಿದ್ದಳು. ನಮ್ಮಮ್ಮ ಮಾಡಿದ ತೆಲ್ಲಾ, ಅಂದರೆ ಮನೆಯಲ್ಲಿ ಇಳಿಸುವ ಬಾರ್ಲಿ ಬಿಯರು, ನೀರಾಗಿದೆ ಎಂದು ಅವಳು ನಾಲ್ಕು ಜನರೆದುರು ಅಂದಿದ್ದಳು. ಕಾರಣ ಅಷ್ಟೇ. ಮಾತಿಲ್ಲದಿದ್ದರೂ ನಮಗೆ ಕೇಳುವಂತೆ ಅಸ್ಕಾಲೆಚ್ ಒಬ್ಬಳೇ ಮಾತಾಡುವುದನ್ನು ಬಿಟ್ಟಿರಲಿಲ್ಲ.

ಒಂದು ಶನಿವಾರ ಅಮ್ಮ, ನಾನು, ಯೆಶಿ ಅಂಗಳದಲ್ಲಿ ಕೂತು ಬೇಳೆ ಆರಿಸುತ್ತಿದ್ದಾಗ ಬೇಲಿಯಾಚೆಯಿಂದ ದನಿ ಕೇಳಿತು.

"ಈ ಮನೇಲಿ ಇರೋ ಹೆಂಗಸರು ಮೂರು ಜನ. ಮೂರೂ ಜನ ಅಂಗಳದಲ್ಲಿದ್ದಾರೆ. ಅಡಿಗೆಮನೆಯಿಂದ ಹೊಗೆ ಬರ್ತಿದೆ. ಒಳಗೆ ಯಾರಪ್ಪಾ, ಮರಿಯಮ್ಮ ತಾಯಿ ಇಳಿದು ಬಂದಿದ್ದಾಳಾ?"

ಒಳಗೆ ಹೆಂಚಿನ ಸದ್ದು ಗಪ್ಪನೆ ನಿಂತಿತು. ಅಮ್ಮನ ಮುಖ ಮೆಣಸಿನಕಾಯಿ ಆಯಿತು.

"ಬೆಕ್ಕು ಹೊಕ್ಕಿರಬೇಕು" ಎಂದು ಬೇಲಿಗೆ ಉತ್ತರ ಕೊಟ್ಟಳು.

"ಒಳ್ಳೇ ಬೆಕ್ಕು. ಒಲೆ ಹೊತ್ತಿಸೋಕೂ ಬರುತ್ತಲ್ಲ."

ತಿಕಿಮ್ತ್ ತಿಂಗಳು ಹುಟ್ಟಿದ ಮೇಲೆ ಅಸಲು ತೊಂದರೆ ಬಂತು. ಅಮ್ಮನದೊಂದು ಮರಿಯಮ್ಮನ ಸಂಘವಿದೆ, ಹದಿನೆಂಟು ಹೆಂಗಸರದು. ಪ್ರತಿ ತಿಂಗಳು ಇಪ್ಪತ್ತೊಂದನೇ ತಾರೀಖು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಪಾದ್ರಿಯಿಂದ ಪ್ರಾರ್ಥನೆ ಮಾಡಿಸಿ, ಉಂಡು ಕುಡಿದು ಹೋಗುವುದು. ಒಂದೂವರೆ ವರ್ಷಕ್ಕೊಮ್ಮೆ ಬರುವ ಸರದಿ ಈ ತಿಂಗಳು ನಮ್ಮ ಮನೆಗೆ ಬಿದ್ದಿತ್ತು. ಶನಿವಾರ ಇಪ್ಪತ್ತೊಂದು. ಭಾನುವಾರ ಇಪ್ಪತ್ತೆರಡು ಯೆಶಿಯ ಓಟ.

"ಅವತ್ತೊಂದು ದಿನ ಹೆಂಚಿನ ಮುಂದೆ ನೀನೇ ಕೂರ್ಬೇಕು" ಎಂದಳು ಅಮ್ಮ ಊಟದ ಹೊತ್ತಿನಲ್ಲಿ. "ಅರವತ್ತು ಇಂಜೆರಾ ಬೇಕು. ಜನ ಬಂದಾಗ ಕಾಫಿ ಕೊಡ್ಬೇಕು, ಕೈ ತೊಳಿಸ್ಬೇಕು. ಮಗನ ಕೈಲಿ ಮಾಡ್ಸಿದೆ ಅಂತ ಆ ಸಂಘದೋರ ಬಾಯಿಗೆ ಬೀಳೋಕೆ ನಂಗಾಗಲ್ಲ."

"ಶುಕ್ರವಾರ ಅರವತ್ತು ಹುಯ್ದು ಭಾನುವಾರ ಓಡೋಕಾಗುತ್ತಾ ಅತ್ತೆ?"

"ಒಂದು ದಿನ ಕಣೆ ಯೆಶಿ. ಒಂದೇ ಒಂದು ದಿನ."

"ನಂಗೂ ಒಂದೇ ದಿನ ಅತ್ತೆ. ನಿಮ್ಮ ಸರದಿ ಮುಂದಿನ ವರ್ಷ ಮತ್ತೆ ಬರುತ್ತೆ. ನನ್ನದು ಬರಲ್ಲ. ನಂಗೆ ಇಪ್ಪತ್ತಾರಾಯ್ತು."

ಅವಳ ಕಣ್ಣಲ್ಲಿ ನೀರು ಬಂತು. ಎಷ್ಟೇ ಜಗಳವಾಡಿದರೂ ಅವಳು ಅಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಕಾಫಿ ನಾನು ಕೊಡ್ತೀನಮ್ಮಾ. ಕೈಯೂ ನಾನೇ ತೊಳಿಸ್ತೀನಿ. ರಜ ಹಾಕ್ತೀನಿ. ಇಂಜೆರಾ ಅಣ್ಣ ಹುಯ್ಲಿ, ಯಾರು ಹುಯ್ದರು ಅಂತ ಕೇಳಿದ್ರೆ ನನ್ನ ಹೆಸರು ಹೇಳು."

"ನಿನ್ನ ಹೆಸರು ಹೇಳಿದ್ರೆ ಯಾರೂ ನಂಬಲ್ಲ" ಎಂದು ಅಮ್ಮ ಕೈ ತೊಳೆಯಲು ಎದ್ದಳು. ಆದರೆ ಬೇಡವೆನ್ನಲಿಲ್ಲ.

ಅಣ್ಣ ಹುರುಪಿಗೆ ಬಿದ್ದ. ಅರವತ್ತು ಇಂಜೆರಾ ಎಂದರೆ ಅವನ ಪಾಲಿಗೆ ಅದೂ ಒಂದು ಸ್ಪರ್ಧೆ. ಮಂಗಳವಾರ ಬೆಳಿಗ್ಗೆ ಅಡಿಗೆಮನೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ತಂದು ಬೂದಿ ಹಾಕಿ ಉಜ್ಜಿದ. ನಾನು ಮಧ್ಯಾಹ್ನ ಶಾಲೆಯಿಂದ ಬರುವಾಗ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು. ಅಮ್ಮ ಅವುಗಳ ನಡುವೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

"ಆ ಚಿಕ್ಕ ಮಡಕೆ ತೊಳೆದುಬಿಟ್ಟಿದ್ದಾನೆ ಕಣೆ" ಎಂದಳು.

ತೆಫ್ ಎಂಬ ಸಣ್ಣ ಕಾಳಿನ ಹಿಟ್ಟು ಕಲಸಿಟ್ಟಾಗ ಮೇಲೆ ಹಳದಿ ನೀರು ನಿಲ್ಲುತ್ತದೆ. ಅದೇ ಎರ್ಶೋ, ಮುಂದಿನ ಹಿಟ್ಟಿಗೆ ಹೆಪ್ಪು. ಪ್ರತಿ ಸಲವೂ ಅದನ್ನು ಬಗ್ಗಿಸಿ ಚಿಕ್ಕ ಮಡಕೆಯಲ್ಲಿ ಎತ್ತಿಡುವ ಕೆಲಸ ಅಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಾಗಾಗಿ ಅಣ್ಣನಿಗೆ ಹುಯ್ಯುವುದು ಗೊತ್ತಿತ್ತು, ಹೆಪ್ಪು ಗೊತ್ತಿರಲಿಲ್ಲ. ಹಳಸಿದ ನೀರೆಂದು ಚರಂಡಿಗೆ ಚೆಲ್ಲಿದ್ದ. ಮೂವತ್ತೆರಡು ವರ್ಷ ದಿನಕ್ಕೆ ಮೂರು ಹೊತ್ತು ಇಂಜೆರಾ ತಿಂದ ಮನುಷ್ಯ!

"ವಾಸನೆ ಬರ್ತಿತ್ತಮ್ಮಾ" ಎಂದ ಅವನು ಮೆಲ್ಲಗೆ.

"ಬರ್ದೇ ಇನ್ನೇನು? ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ಕೈಗಿಟ್ಟದ್ದು ಅದು! ನಿನಗಿಂತ ಹಳೇದು ಕಣೋ! ಇವತ್ತು ಹಿಟ್ಟು ಕಲಸಿದ್ರೆ ಶುಕ್ರವಾರಕ್ಕೆ ಹುಳಿ ಬರ್ಬೇಕು. ಹೆಪ್ಪಿಲ್ದೆ ವಾರ ಆದ್ರೂ ಬರಲ್ಲ."

ಯೆಶಿ ಬಟ್ಟೆ ಒಣಹಾಕುತ್ತಿದ್ದವಳು ಬಂದು, "ಯಾರ ಹತ್ರ ಆದ್ರೂ ಕೇಳ್ಕೊಂಡು ಬರ್ತೀನಿ" ಎಂದಳು.

"ಯಾರದ್ದೋ ತಂದ್ರೆ ಯಾರದ್ದೋ ರುಚಿ ಬರುತ್ತೆ. ಸಂಘದೋರ ನಾಲಿಗೆ ನಿಂಗೊತ್ತಿಲ್ಲ." ಅಮ್ಮ ಸ್ವಲ್ಪ ಹೊತ್ತು ಬೇಲಿಯನ್ನೇ ನೋಡಿದಳು. ಆಮೇಲೆ ಬಿಳಿಯ ಶಾಲು ತಲೆಗೆ ಎಳೆದುಕೊಂಡು, "ಅಲ್ಗನೆಶ್, ಕೈ ಹಿಡ್ಕೋ. ಅಸ್ಕಾಲೆಚ್ ಮನೆಗೆ ಹೋಗೋಣ" ಎಂದಳು.

ಏಳು ತಿಂಗಳ ಮೇಲೆ ಆ ಬಾಗಿಲಲ್ಲಿ ಅಮ್ಮ ನಿಂತದ್ದು ಕಂಡು ಅಸ್ಕಾಲೆಚ್ ಮೊರದಲ್ಲಿದ್ದ ಈರುಳ್ಳಿಯನ್ನು ಹಾಗೇ ಬಿಟ್ಟು ಎದ್ದಳು. ಮಗು ಹೇಗಿದೆ, ಕಣ್ಣು ಹೇಗಿದೆ, ದನ ಹೇಗಿದೆ, ದೇವರು ದೊಡ್ಡವನು, ಎಲ್ಲ ಮುಗಿಯಿತು. ಅಮ್ಮ ವಿಷಯ ಹೇಳಿದಳು.

"ಎರ್ಶೋ ಕೊಡ್ತೀನಿ" ಎಂದಳು ಅಸ್ಕಾಲೆಚ್. "ಆದ್ರೆ ನಿಜ ಹೇಳು. ಚೆಲ್ಲಿದ್ದು ಯಾರು?"

"ಇವಳು" ಎಂದು ಅಮ್ಮ ನನ್ನನ್ನು ತೋರಿಸಿದಳು.

"ಇವಳ ಕೈಯಿಂದ ಆ ಮಡಕೇನ ನೀನು ಹತ್ತು ವರ್ಷದಿಂದ ಕಾಪಾಡಿದೀಯ. ಬೇರೆ ಹೇಳು."

ಅಮ್ಮ ಶಾಲಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಅಸ್ನಾಕೆ" ಎಂದಳು. "ಒಂದು ತಿಂಗಳಿಂದ ಅವನೇ ಹುಯ್ತಿದ್ದಾನೆ."

ಅಸ್ಕಾಲೆಚ್ ನಕ್ಕಳು ನೋಡಿ, ತಲೆಯ ಮೇಲಿನ ಶಾಲು ಜಾರಿ ಈರುಳ್ಳಿಯ ಮೇಲೆ ಬಿತ್ತು. ಅಮ್ಮ ಎದ್ದು ಹೊರಟೇಬಿಡುತ್ತಾಳೆಂದು ನನಗೆ ಭಯವಾಯಿತು. ಅಸ್ಕಾಲೆಚ್ ಕಣ್ಣೊರೆಸಿಕೊಂಡು ಒಳಗೆ ಹೋಗಿ ಚೊಂಬು ತುಂಬ ಹಳದಿ ನೀರು ತಂದಳು.

"ತಗೋ. ಇದು ನಿನ್ನದೇ. ನನ್ನ ದೊಡ್ಡ ಮಗ ಹುಟ್ಟಿದಾಗ ಬಾಣಂತಿತನದಲ್ಲಿ ನಂದು ಕೆಟ್ಟುಹೋಯ್ತು ಅಂತ ನೀನೇ ತಂದುಕೊಟ್ಟಿದ್ದೆ. ಮರ್ತ್ಯಾ?"

ಅಮ್ಮನಿಗೆ ಮರೆತೇ ಹೋಗಿತ್ತು. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿ ನೋಡಿ, "ನಂದೇ" ಎಂದಳು. "ಯಾರಿಗೂ ಹೇಳ್ಬೇಡ ಕಣೆ ಅಸ್ಕಾಲೆಚ್."

"ನಾನ್ಯಾಕೆ ಹೇಳ್ಲಿ? ನನ್ನ ಬಾಯಿ ನಿಂಗೊತ್ತಲ್ಲ" ಎಂದಳು ಅವಳು. ಅಮ್ಮನಿಗೆ ಚೆನ್ನಾಗಿ ಗೊತ್ತಿದ್ದದ್ದರಿಂದಲೇ ದಾರಿಯುದ್ದಕ್ಕೂ ನಿಟ್ಟುಸಿರು ಬಿಟ್ಟಳು.

ಶುಕ್ರವಾರ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂತು. ಅಣ್ಣ ಬೆಳಿಗ್ಗೆ ಅಗಳಿ ಹಾಕಿಕೊಂಡವನು ಮಧ್ಯಾಹ್ನ ತೆಗೆದ. ಅರವತ್ತಮೂರು ಇಂಜೆರಾ. ಯೆಶಿಯನ್ನು ಕೋಚ್ ಹೇಳಿದಂತೆ ಕಾಲು ಮೇಲೆತ್ತಿ ಮಲಗಿಸಿದ್ದೆವು. ಅವಳು ಮಲಗಿದಲ್ಲಿಂದಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಸುಮ್ಮನಿರುವ ಜಾತಿಯಲ್ಲ.

ಶನಿವಾರ ಸಂಘದ ಹೆಂಗಸರೆಲ್ಲ ಬಂದರು, ಬಿಳಿಯ ಉಡುಗೆಯಲ್ಲಿ, ಅವರೊಡನೆ ಅಸ್ಕಾಲೆಚ್ ಕೂಡ. ಪಾದ್ರಿ ಪ್ರಾರ್ಥನೆ ಮುಗಿಸಿ ರೊಟ್ಟಿ ಮುರಿದು ಹಂಚಿ ಹೋದರು. ಕೋಳಿ ಸಾರು, ಬೇಳೆ, ಎಲೆಕೋಸು, ದಪ್ಪನೆಯ ತೆಲ್ಲಾ. ನಾನು ಕೈ ತೊಳೆಸಿದೆ, ಬಡಿಸಿದೆ. ಸಂಘದ ಹಿರಿಯಳು, ಎಪ್ಪತ್ತರ ಮುದುಕಿ, ಇಂಜೆರಾದ ತುದಿ ಎತ್ತಿ ಬೆಳಕಿಗೆ ಹಿಡಿದಳು.

"ಎಂಥಾ ಕಣ್ಣು ಬಿದ್ದಿದೆ! ಜೆನೆಬೆಚ್, ನಿನಗೋ ಡಾಕ್ಟರು ಹೊಗೆ ಬೇಡ ಅಂದಿದ್ದಾರೆ. ಯಾರು ಹುಯ್ದದ್ದು? ಸೊಸೆಯಾ?"

ಅಸ್ಕಾಲೆಚ್ ತೆಲ್ಲಾ ಲೋಟ ಕೆಳಗಿಟ್ಟಳು. ಅವಳ ಬಾಯಿ ಅರ್ಧ ತೆರೆದದ್ದನ್ನು ನಾನು ಕಂಡೆ. ಅಮ್ಮನೂ ಕಂಡಳು. ಸೊಸೆಯೇ ಎಂದರೆ ಮುಗಿಯುತ್ತಿತ್ತು. ಯೆಶಿ ಬಾಗಿಲ ಬಳಿ ಮಗುವನ್ನೆತ್ತಿಕೊಂಡು ನಿಂತು, ಹಾಗೇ ಹೇಳಿಬಿಡಿ ಎನ್ನುವಂತೆ ತಲೆಯಾಡಿಸಿದಳು. ಆದರೆ ಅಮ್ಮನಿಗೆ ರೇಗಿತ್ತೋ, ಇಲ್ಲ ಅರವತ್ತಮೂರು ಇಂಜೆರಾದ ಹೊಗಳಿಕೆ ಇನ್ನೊಬ್ಬರ ಪಾಲಾಗುವುದನ್ನು ತಡೆಯಲಾಗಲಿಲ್ಲವೋ, ನನಗೆ ಈಗಲೂ ತಿಳಿಯದು.

"ನನ್ನ ಮಗ" ಎಂದಳು.

"ಯಾರು?"

"ನನ್ನ ಮಗ ಅಸ್ನಾಕೆ ಹುಯ್ದದ್ದು. ನಾನೇ ಕಲಿಸ್ದೆ. ಸೊಸೆಗೆ ನಾಳೆ ಓಟ ಇದೆ. ಚೆನ್ನಾಗಿದ್ರೆ ಇನ್ನೊಂದು ಹಾಕಿಸ್ಕೊಳ್ಳಿ, ಚೆನ್ನಾಗಿಲ್ದಿದ್ರೆ ಹೇಳಿ."

ಮೊದಲು ಕೈ ಚಾಚಿದವಳು ಆ ಎಪ್ಪತ್ತರ ಮುದುಕಿ.

"ಇನ್ನೊಂದು ಹಾಕು. ನನ್ನ ಮಗನಿಗೆ ನೀರು ಕಾಯಿಸೋಕೂ ಬರಲ್ಲ, ಅವನನ್ನ ನಿನ್ನ ಹತ್ರ ಕಳಿಸ್ತೀನಿ ತಾಳು."

ಆಮೇಲೆ ಎದ್ದ ನಗು ಬಹಳ ಹೊತ್ತಾದರೂ ನಿಲ್ಲಲಿಲ್ಲ. ಅಂಗಳದಲ್ಲಿ ಆಟೋ ಒರೆಸುತ್ತಿದ್ದ ಅಣ್ಣನನ್ನು ಕರೆಸಿ ನಡುವೆ ನಿಲ್ಲಿಸಿ, ಹೆಂಚಿಗೆ ಎಣ್ಣೆಕಾಳು ಎಷ್ಟು ಸಲ ಉಜ್ಜುತ್ತೀಯ, ಬೆರಣಿಯೋ ಸೌದೆಯೋ ಎಂದು ಪರೀಕ್ಷೆ ಮಾಡಿದರು. ಅವನು ಕಿವಿಯವರೆಗೆ ಕೆಂಪಾಗಿ ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳಿದ. ಅಸ್ಕಾಲೆಚ್ ಮಾತ್ರ ಪೆಚ್ಚುಮೋರೆ ಹಾಕಿಕೊಂಡಿದ್ದಳು. ಅಷ್ಟು ಒಳ್ಳೆಯ ಸುದ್ದಿ ಅವಳ ಬಾಯಿಂದ ಬರದೆ ಹೋಗಿತ್ತು.

ಭಾನುವಾರ ಬೆಳಿಗ್ಗೆ ಚರ್ಚಿನಿಂದ ನೇರವಾಗಿ ಅಮ್ಮ ಮೈದಾನಕ್ಕೆ ಬಂದಳು, ಕಪ್ಪು ಕನ್ನಡಕ ಹಾಕಿಕೊಂಡು. ಸೊಸೆ ಓಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಜೊತೆಯಲ್ಲಿ ಅಸ್ಕಾಲೆಚ್, ಅವಳ ಹಿಂದೆ ಸಂಘದ ಏಳೆಂಟು ಜನ. ಅಣ್ಣ ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದ. ಶನಿವಾರದ ಪರೀಕ್ಷೆಯಾದ ಮೇಲೆ ಅವನಿಗೆ ನಾಚಿಕೆಯೆಲ್ಲ ಬಿಟ್ಟುಹೋಗಿತ್ತು.

ಹುಲ್ಲಿನ ಮೇಲೆ ಎರಡು ಕಿಲೋಮೀಟರಿನ ನಾಲ್ಕು ಸುತ್ತು. ಓಡುವವರು ಮೂವತ್ತೆರಡು ಹುಡುಗಿಯರು, ಹೆಚ್ಚಿನವರು ಹದಿನೆಂಟು ಇಪ್ಪತ್ತರವರು. ಹಳದಿ ಅಂಗಿಯ ಯೆಶಿ ಅವರ ನಡುವೆ ಯಾರದೋ ಅಕ್ಕನಂತೆ ಕಂಡಳು. ಮೊದಲ ಸುತ್ತಿಗೆ ನಮ್ಮ ಮುಂದೆ ಹಾದುಹೋದಾಗ ಅವಳು ಹನ್ನೊಂದನೆಯವಳು.

"ಎಷ್ಟನೇಳು?" ಎಂದಳು ಅಮ್ಮ.

"ಐದನೇ" ಎಂದೆ.

"ಟೀಚರಾಗಿ ಎಣಿಸೋಕೆ ಬರಲ್ವಾ? ಆಪರೇಷನ್ ಆಗಿರೋದು ಕಣ್ಣು ಕಾಣ್ಲಿ ಅಂತ. ಹನ್ನೊಂದು."

ಎರಡನೇ ಸುತ್ತಿಗೆ ಒಂಬತ್ತು. ಮೂರನೆಯದಕ್ಕೆ ಎಂಟು. ಮುಂದಿನ ಆರು ಜನರ ಗುಂಪಿಗೂ ಅವಳಿಗೂ ನಡುವೆ ಆಟೋ ನಿಲ್ಲಿಸುವಷ್ಟು ಜಾಗ. ಕೋಚ್ ಶುಮೆ ದಾರಿಯ ಪಕ್ಕ ಓಡುತ್ತಾ, "ಈಗ ಯೆಶಿ, ಈಗ!" ಎಂದು ಕೂಗುತ್ತಿದ್ದರು. ಕೊನೆಯ ಸುತ್ತಿನ ಏರಿನಲ್ಲಿ ಎಲ್ಲರೂ ಮರಗಳ ಹಿಂದೆ ಮರೆಯಾದರು. ಅಮ್ಮ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಜೋಮು ಹಿಡಿಯಿತು.

ಮರಗಳ ಈಚೆ ಮೊದಲು ಬಂದವಳು ಕೆಂಪು ಅಂಗಿಯವಳು, ಆಮೇಲೆ ನೀಲಿಯವರಿಬ್ಬರು, ಆಮೇಲೆ ಹಸಿರು. ಆಮೇಲೆ ಹಳದಿ. ಅವಳ ಭುಜಕ್ಕೆ ಅಂಟಿಕೊಂಡಂತೆ ಇನ್ನಿಬ್ಬರು.

"ನನ್ನ ಸೊಸೆ!" ಎಂದು ಅಮ್ಮ ಕಿರುಚಿದಳು. "ಬಿಡ್ಬೇಡ ಯೆಶಿ! ಬಿಡ್ಬೇಡ್ವೇ!" ಅಸ್ಕಾಲೆಚ್ ನಾಲಿಗೆ ಹೊರಳಿಸಿ ಕೇಕೆ ಹಾಕಿದಳು, ಸಂಘದವರೆಲ್ಲ ದನಿಗೂಡಿಸಿದರು. ಯೆಶಿ ಹಲ್ಲು ಕಚ್ಚಿ, ಕತ್ತು ಓರೆ ಮಾಡಿಕೊಂಡು ಆ ಇಬ್ಬರ ನಡುವಿನಿಂದ ನುಗ್ಗಿ ಗೆರೆ ದಾಟಿದಳು. ಐದನೆಯವಳು. ನಾನು ಮೂರು ಸಲ ಎಣಿಸಿದೆ.

ಅಣ್ಣ ಮಗುವಿನ ಸಮೇತ ಓಡಿಹೋಗಿ ಹೆಂಡತಿಯನ್ನು ತಬ್ಬಿಕೊಂಡ. ನಾವು ತಲುಪುವ ಹೊತ್ತಿಗೆ ಕ್ಲಬ್ಬಿನವರ ಮೇಜಿನ ಮುಂದೆ ಆರು ಹುಡುಗಿಯರು ಸಾಲಾಗಿ ನಿಂತಿದ್ದರು. ಐದನೆಯವಳ ಸರದಿ ಬಂದಾಗ ಕೋಚ್ ಶುಮೆ ಅಮ್ಮನ ಕಡೆ ತಿರುಗಿದರು.

"ತಾಯೀ, ಆರರೊಳಗೆ ಬಂದ್ಳು. ಈಗ ಕೇಳ್ತಿದೀನಿ. ಆರು ತಿಂಗಳು ಕಳಿಸ್ತೀರಾ?"

ಅಮ್ಮ ಕನ್ನಡಕ ತೆಗೆದು ಶಾಲಿನಿಂದ ಒರೆಸತೊಡಗಿದಳು. ಯೆಶಿಯ ಎದೆ ಇನ್ನೂ ಏರಿಳಿಯುತ್ತಿತ್ತು, ಮುಖದ ಮೇಲೆಲ್ಲ ಉಪ್ಪಿನ ಗೆರೆ.

"ಅಮ್ಮಾ, ಹೇಳಮ್ಮಾ" ಎಂದ ಅಣ್ಣ.

"ಅವಸರ ಮಾಡ್ಬೇಡ್ವೋ" ಎಂದಳು ಅಮ್ಮ. "ನಿಮ್ಮಪ್ಪನ್ನ ಸೇನೆಗೆ ಕರ್ಕೊಂಡು ಹೋದಾಗ ನಿಂಗೆ ಏಳು ವರ್ಷ, ಇವಳಿಗೆ ಮೂರು. ಕಳಿಸ್ತೀಯಾ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ. ಹೋದ್ರು, ಗಡಿಯಿಂದ ಬರ್ಲಿಲ್ಲ. ನನ್ನ ಜನ್ಮದಲ್ಲಿ ಮೊದಲ್ನೇ ಸಲ ಒಬ್ರು ಕಾಗದ ಪೆನ್ನು ಹಿಡ್ಕೊಂಡು ನನ್ನ ಒಪ್ಪಿಗೆ ಕೇಳ್ತಿದ್ದಾರೆ. ಸ್ವಲ್ಪ ಹೊತ್ತು ಕೇಳ್ಲಿ ಬಿಡು."

ಅಪ್ಪನ ಮುಖವೇ ನೆನಪಿಲ್ಲದ ನನಗೂ ಕಣ್ಣು ತುಂಬಿತು.

"ನಾನು ಬರ್ತೀನಿ ಅತ್ತೆ" ಎಂದಳು ಯೆಶಿ.

"ಅವರೂ ಹಾಗೇ ಅಂದಿದ್ರು." ಅಮ್ಮ ಕನ್ನಡಕ ಹಾಕಿಕೊಂಡು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಶಾಲಿನ ತುದಿಯಿಂದ ಅವಳ ಮುಖದ ಬೆವರು ಒರೆಸಿದಳು. "ನೀನು ಬರ್ತೀಯ. ನೋಡಿದ್ನಲ್ಲ ಈಗ, ಕಾಲು ಗಟ್ಟಿಯಾಗಿದೆ."

ಆಮೇಲೆ ಕೋಚ್ ಕಡೆ ತಿರುಗಿ ದನಿಯೇರಿಸಿದಳು, ಮೈದಾನಕ್ಕೆಲ್ಲ ಕೇಳುವಂತೆ.

"ಬರ್ಕೊಳ್ಳಿ ಸಾರ್. ಮಗು ನನ್ನ ಹತ್ರ ಇರುತ್ತೆ. ಒಲೆ ನನ್ನ ಮಗ ನೋಡ್ಕೋತಾನೆ. ಇವಳು ಓಡ್ಲಿ."

ಕೋಚ್ ಶುಮೆ ಬರೆದುಕೊಂಡರು.